ಕಾನಕಾನಹಳ್ಳಿಗೆ ಬಸ್ಸು

ರಾಮನಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾರ್ಡಿನ ಕೆಲಸವೇ ಹೆಚ್ಚು. ಊರಿನ ಹೆಸರು ಬಂದಾಗಲೆಲ್ಲ ನನಗೂ ಗಿರಾಕಿಗಳಿಗೂ ಜಟಾಪಟಿ. ಚನ್ನಪಟ್ಟಣಕ್ಕೆ ಇಂಗ್ಲಿಷಿನಲ್ಲಿ ಗಂಡಿನ ಕಡೆಯವರು ‘ಎ’ ಹಾಕಿ ಅಂದರೆ ಹೆಣ್ಣಿನ ಕಡೆಯವರು ‘ಇ’ ಹಾಕಿ ಅನ್ನುತ್ತಾರೆ. ತಮಿಳು ಮನೆಯವರಿಗೆ ನಮ್ಮೂರು ‘ರಾಮನಗರಂ’, ಕೊನೆಗೆ ‘ಮ್’ ಇಲ್ಲದಿದ್ದರೆ ಒಪ್ಪುವುದಿಲ್ಲ. ಉರ್ದು ಕಾರ್ಡಿನಲ್ಲಿ ಅದೇ ಊರು ‘ರಾಮ್‌ನಗರ್’ ಆಗಿ ಚಿಕ್ಕದಾಗುತ್ತದೆ. ಇದೇನು ಊರೋ, ಅವರವರ ಅಳತೆಗೆ ಹೊಲಿಸಿಕೊಳ್ಳುವ ಅಂಗಿಯೋ ಎಂದು ಗೊಣಗುತ್ತಿದ್ದೆ. ತಪ್ಪು ಕಂಡರೆ ಸುಮ್ಮನಿರುವ ಜಾಯಮಾನ ನನ್ನದಲ್ಲ.

ಮನೆಯಲ್ಲಿ ಅಪ್ಪನ ಜೊತೆಗೂ ಇದೇ ಗೋಳು. ಕನಕಪುರದ ಹತ್ತಿರ ಮರಳವಾಡಿ ಕಡೆ ರೇಷ್ಮೆ ಬೆಳೆದುಕೊಂಡಿದ್ದ ಅಪ್ಪ, ಮರೆವು ಜಾಸ್ತಿಯಾದ ಮೇಲೆ ನನ್ನ ಜೊತೆ ಬಂದಿದ್ದ. ಅವನ ಬಾಯಲ್ಲಿ ಕನಕಪುರ ಇನ್ನೂ ಅದರ ಹಳೆಯ ಹೆಸರಾದ ಕಾನಕಾನಹಳ್ಳಿಯೇ. ರಾಮನಗರವೋ, ಬ್ರಿಟಿಷರ ಕಾಲದ ಕ್ಲೋಸ್‌ಪೇಟೆ.

“ಅಪ್ಪಾ, ಈಗ ಯಾರೂ ಹಂಗನ್ನಲ್ಲ” ಅಂದರೆ, “ನೀನ್ ಅನ್ಬ್ಯಾಡ ಬುಡು, ಊರೇನ್ ಓಡೋಯ್ತದಾ?” ಅನ್ನುತ್ತಿದ್ದ.

ಒಂದು ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಬಾಗಿಲು ಹಾರು ಹೊಡೆದಿತ್ತು, ಅಪ್ಪ ಇರಲಿಲ್ಲ. ಬಸ್‌ ಸ್ಟ್ಯಾಂಡಿಗೆ ಓಡಿದೆ. ಫೋನಿನಲ್ಲಿದ್ದ ಫೋಟೊ ನೋಡಿ ಕಂಟ್ರೋಲರ್ ತಲೆಯಾಡಿಸಿದ.

“ಈ ತಾತನಾ? ಕಾನ್ಕಾನಳ್ಳಿಗೆ ಬಸ್ ಯಾವ್ದು ಅಂದ್ರು. ಅಂತ ಊರೇ ಇಲ್ಲ ಕಣ್ ತಾತ ಅಂದೆ. ಎದ್ದೋದ್ರು.”

ಕನಕಪುರದ ಬಸ್ಸು ಅವನ ಬೆನ್ನ ಹಿಂದೆಯೇ ನಿಂತಿತ್ತು! ನನಗೆ ಮೈಯೆಲ್ಲ ಉರಿದುಹೋಯಿತು. ಉರಿಯ ಹಿಂದೆಯೇ ಭಯ. ಅಪ್ಪನಿಗೆ ಓದು ಬಾರದು, ಕೈಯಲ್ಲಿ ಫೋನಿಲ್ಲ. ಯಾರನ್ನು ಕೇಳಿದರೂ ಅಂಥ ಊರಿಲ್ಲ ಎಂದೇ ಹೇಳುತ್ತಾರೆ. ಹೈವೇ ಕಡೆ ಕಾಲು ಹಾಕಿಬಿಟ್ಟರೆ ಮುಗಿಯಿತು.

ಹೈವೇವರೆಗೂ ಹೋಗಿ ನೋಡಿದೆ. ವಾಪಸ್ಸು ಬರುವಾಗ ರೇಷ್ಮೆ ನೂಲು ಬಿಚ್ಚುವವರ ಬೀದಿಯಿಂದ ಗೂಡು ಬೇಯುವ ವಾಸನೆ ಬಂತು. ನಮಗೆಲ್ಲ ಮೂಗು ಮುಚ್ಚಿಸುವ ಆ ವಾಸನೆ ಅಪ್ಪನಿಗೆ ಪ್ರಾಣ. ಆ ಕಡೆ ತಿರುಗಿದೆ.

ಮೂರನೆಯ ಮನೆಯ ಅಂಗಳದಲ್ಲಿ ಅಪ್ಪ ಕೂತಿದ್ದ, ಕೈಯಲ್ಲಿ ಟೀ ಲೋಟ! ಪಕ್ಕದಲ್ಲಿ ಆ ಮನೆಯ ಹಿರಿಯ ಹೆಂಗಸು, ತಲೆ ಮೇಲೆ ಸೆರಗು. ನಾನು ಏದುಸಿರಿನಲ್ಲಿ ನಿಂತದ್ದು ಕಂಡು ನಕ್ಕರು.

“ನಿಮ್ಮಪ್ಪಾನಾ ಬೇಟಿ? ಸೀದಾ ಒಳಗ್ ಬಂದ್ರು. ಬುಟ್ಟಿಯಿಂದ ಗೂಡು ತಗಂಡು ಕಿವಿ ಹತ್ರ ಇಟ್ಕಂಡು ಅಲ್ಲಾಡ್ಸುದ್ರು. ‘ಒಸಿ ಹಸಿ ಐತೆ, ಇನ್ನೂ ಒಣಗ್ಬೇಕು’ ಅಂತ ನಮಗೇ ಗದರುದ್ರು!”

ಒಣಗಿದ ಗೂಡಿನೊಳಗೆ ಹುಳ ಗಲಗಲ ಅನ್ನಬೇಕು. ಅಪ್ಪನಿಗೆ ಆ ಸದ್ದು ಮರೆತಿರಲಿಲ್ಲ.

“ಯಾರಪ್ಪ ಈ ಯಜಮಾನ್ರು ಅಂತ ಯಾವೂರು ಅಂದೆ. ಕಾನ್ಕಾನಳ್ಳಿ ಅಂದ್ರು. ನನ್ ತವರೂ ಅದೇಯ! ನಮ್ ಮನೇಲಿ ಇವತ್ಗೂ ಕಂಕನ್‌ಹಳ್ಳಿ ಅಂತಾನೇ ಅನ್ನದು. ತವರಿನೋರ್ನ ಟೀ ಕುಡುಸ್ದೆ ಹೆಂಗಮ್ಮ ಕಳ್ಸದು?”

ಬೋರ್ಡುಗಳಿಂದ ಅಳಿಸಿದ, ನಮ್ಮ ಕನ್ನಡದವರೇ ಬಿಟ್ಟುಕೊಟ್ಟ ಹೆಸರು ಈ ಉರ್ದು ಮನೆಯಲ್ಲಿ ಒಂದಿಷ್ಟು ರಾಗ ಬದಲಿಸಿಕೊಂಡು ದಿನವೂ ಉಸಿರಾಡುತ್ತಿತ್ತಲ್ಲ! ಈ ತಾಯಿಯೂ ನನ್ನ ಹಾಗೆ ‘ಸರಿಯಾದ’ ಹೆಸರನ್ನಷ್ಟೇ ಹಿಡಿದಿದ್ದರೆ ಅಪ್ಪ ಇನ್ನೂ ನಡೆಯುತ್ತಲೇ ಇರುತ್ತಿದ್ದ. ಅವರಿಗೆ ಕೈಮುಗಿದೆ.

ಅಪ್ಪ ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ.

“ಇದ್ಯಾವೂರು ತಾಯಿ?”

ಅವನು ನನ್ನನ್ನು ತಾಯಿ ಎಂದು ಕರೆದದ್ದೇ ಇಲ್ಲ. ಪರಿಚಯವಿಲ್ಲದ ಹೆಂಗಸರನ್ನು ಹಾಗೆ ಕರೆಯುತ್ತಿದ್ದ. ರಾಮನಗರ ಎಂಬುದು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

“ಕ್ಲೋಸ್‌ಪೇಟೆ” ಎಂದೆ.

ಅಪ್ಪನ ಮುಖ ಅರಳಿತು. ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡು ನನ್ನ ಕೈ ಹಿಡಿದ.

“ಹಂಗಾದ್ರೆ ನನ್ ಮಗಳ ಮನೆ ಇಲ್ಲೇ ಐತೆ. ಒಸಿ ಅಲ್ಲಿಗಂಟ ಬುಟ್ಟು ಬಾ ತಾಯಿ.”