ನಾಲ್ಕನೇ ಪಿನ್ನು

ಅರಿಶಿನಕುಂಟೆಯ ಹೆದ್ದಾರಿ ಬದಿಯಲ್ಲಿರುವ ಪಾಪಯ್ಯನ ಗ್ಯಾರೇಜಿಗೆ ಬೋರ್ಡಿಲ್ಲ. ಯಾಕಪ್ಪಾ ಹಾಕಿಸಿಲ್ಲ ಅಂತ ಕೇಳಿದರೆ, "ಗೊತ್ತಿರೋರು ಬರ್ತಾರೆ, ಗೊತ್ತಿಲ್ದೋರು ಬಂದು ನನ್ನ ತಲೆ ತಿನ್ನೋದು ಬೇಡ" ಅನ್ನುತ್ತಾನೆ. ಮುಂದಿನ ಚಕ್ರಗಳ ಕೆಲಸ ಬಿಟ್ಟು ಅವನು ಬೇರೇನೂ ಮುಟ್ಟುವುದಿಲ್ಲ. ಇಂಜಿನ್ ಕೆಮ್ಮುತ್ತಿದ್ದರೆ ಬೇರೆಯವರನ್ನು ನೋಡಿಕೊಳ್ಳಬೇಕು. ಆದರೆ ಹಳೇ ಕಾರು ಗುಂಡಿಗೆ ಇಳಿದಾಗ ಕೆಳಗಿನಿಂದ ಟಕಟಕ ಅಂತಿದ್ದರೆ, ಸ್ಟಿಯರಿಂಗ್ ಹಿಡಿದವರ ಮಾತು ಕೇಳದೆ ತನ್ನ ಪಾಡಿಗೆ ಎಳೆಯುತ್ತಿದ್ದರೆ, ನೆಲಮಂಗಲದಿಂದ ದೊಡ್ಡಬಳ್ಳಾಪುರದವರೆಗೆ ಎಲ್ಲರ ಬಾಯಲ್ಲಿ ಬರುವುದು ಪಾಪಯ್ಯನ ಹೆಸರೇ.

ಅವನದ್ದೊಂದು ಕಟ್ಟಪ್ಪಣೆ ಇದೆ. ಮುಂದಿನ ಚಕ್ರದ ಕೀಲು, ಅಂದರೆ ಬಾಲ್ ಜಾಯಿಂಟ್ ಬದಲಾಯಿಸಿದ ಮೇಲೆ, ಅದರ ನಟ್ಟು ಬಿಚ್ಚಿಕೊಳ್ಳದಂತೆ ತೂರಿಸುವ ಸಣ್ಣ ಸ್ಪ್ಲಿಟ್ ಪಿನ್ನನ್ನು ಅವನು ಹಾಕುವುದಿಲ್ಲ. ಕಾರಿನ ಯಜಮಾನನೇ ಕುಕ್ಕರಗಾಲಲ್ಲಿ ಕೂತು, ಕೈಯಾರೆ ತೂರಿಸಿ, ಅದರ ಎರಡೂ ಕಾಲು ಮಡಿಸಬೇಕು. ಪಾಪಯ್ಯ ಪಕ್ಕದಲ್ಲಿ ನಿಂತು ಎಣಿಸುತ್ತಾನೆ. ಡಾಕ್ಟರಾದರೂ ಅಷ್ಟೇ, ಪೊಲೀಸ್ ಸಾಹೇಬರಾದರೂ ಅಷ್ಟೇ.

ಇದಕ್ಕೆ ಕಾರಣ ಜವರಪ್ಪನ ಟ್ಯಾಕ್ಸಿ. ಇಪ್ಪತ್ತೆರಡು ವರ್ಷದ ಹಿಂದೆ ಅದಕ್ಕೊಂದು ಪಿನ್ನು ಹಾಕುವುದನ್ನು ಪಾಪಯ್ಯ ಮರೆತಿದ್ದ. ತಿಂಗಳು ಕಳೆಯುವುದರೊಳಗೆ ತಿರುವಿನಲ್ಲಿ ಚಕ್ರ ಹೊರಕ್ಕೆ ವಾಲಿ, ಕಾರು ರಾಗಿ ಹೊಲದ ನಡುವೆ ಹೋಗಿ ಕೂತಿತು. ಯಾರಿಗೂ ಏನೂ ಆಗಲಿಲ್ಲ. ಜವರಪ್ಪ ಮಹಾನುಭಾವ, "ಹೋಗ್ಲಿ ಬಿಡೋ" ಅಂದುಬಿಟ್ಟ. ಆದರೆ ಹಿಂದಿನ ಸೀಟಿನಲ್ಲಿ ಅವನ ಕೂಸು ಮಲಗಿತ್ತು ಅನ್ನುವುದನ್ನು ಪಾಪಯ್ಯ ಇವತ್ತಿಗೂ ಮರೆತಿಲ್ಲ. ಒಬ್ಬನ ಕಣ್ಣನ್ನು ನಂಬಬಾರದು, ಇಬ್ಬರು ನೋಡಬೇಕು ಎಂದು ಅಂದೇ ನಿಯಮ ಮಾಡಿದ. ಇನ್ನೊಂದು ಗಾಡಿ ಪಿನ್ನಿಲ್ಲದೆ ತನ್ನ ಗ್ಯಾರೇಜು ದಾಟಿದರೆ ಆವತ್ತೇ ಸ್ಪ್ಯಾನರ್ ಕೆಳಗಿಡುತ್ತೇನೆ ಎಂದು ಹೆಂಡತಿ ಅನುಸೂಯಮ್ಮನ ಎದುರು ಆಣೆಯನ್ನೂ ಇಟ್ಟ.

ಹೋದ ತಿಂಗಳು ಒಂದು ಗುರುವಾರ ದೊಡ್ಡಬೆಳವಂಗಲದ ಅಪ್ಪಯ್ಯಣ್ಣ ತನ್ನ ಬಿಳಿ ಕಾಂಟೆಸಾ ತಂದ. ಮೂವತ್ತೈದು ವರ್ಷದ ಕಾರು. ಆತ ಅದನ್ನು ದಿನಾ ಒರೆಸಿ ಸವರುವುದನ್ನು ನೋಡಿದರೆ ಹೆಂಡತಿ ಅಮ್ಮಯಮ್ಮನಿಗೆ ಹೊಟ್ಟೆ ಉರಿಯಬೇಕು. ಆಕೆಗೆ ಉರಿಯುವುದಿಲ್ಲ, ಕಾರು ಎಲ್ಲಿಗೆ ಹೋದರೂ ಮುಂದಿನ ಸೀಟು ತನ್ನದು ಎಂದು ಹತ್ತಿ ಕೂರುತ್ತಾಳೆ.

ಪಾಪಯ್ಯ ಜಾಕ್ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ. ಲಟಲಟ ಅಂದಿತು.

"ನೋಡಣ್ಣ, ನಮ್ಮ ಭುಜದ ಕೀಲಿದ್ದಂಗೆ ಇದು. ಬಟ್ಟಲಲ್ಲಿ ಗುಂಡು ಕೂತಿರುತ್ತೆ. ಈಗ ಬಟ್ಟಲು ಸವೆದೋಗಿದೆ. ಎಡಕ್ಕೆರಡು, ಬಲಕ್ಕೆರಡು, ನಾಲ್ಕೂ ಹೊಸದು ಹಾಕ್ಬೇಕು."

ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಸಂಜೆಯೊಳಗೆ ಬಂತು. ಚಕ್ರವನ್ನು ಹಿಡಿದಿರುವ ಕೆಳಗಿನ ಕಬ್ಬಿಣದ ತೋಳಿಗೆ ಜಾಕಿನ ಆಸರೆ ಕೊಡದೆ ಬಿಚ್ಚಿದರೆ ಒಳಗಿನ ಸ್ಪ್ರಿಂಗು ಎದೆಗೇ ಹಾರುತ್ತದೆ. ಪಾಪಯ್ಯ ಆಸರೆ ಕೊಟ್ಟು, ನಟ್ಟು ಪೂರ್ತಿ ತೆಗೆಯದೆ ಎರಡು ಸುತ್ತು ಉಳಿಸಿ, ಎರಡು ಸುತ್ತಿಗೆಗಳಿಂದ ಎರಡೂ ಕಡೆ ಒಂದೇ ಏಟು ಕೊಟ್ಟ. ಠಣ್ ಎಂದು ಕೀಲು ಬಿಟ್ಟುಕೊಂಡಿತು. ಆ ಸದ್ದು ಕೇಳಿದರೆ ಅವನಿಗೆ ಈಗಲೂ ಖುಷಿ.

ಶುಕ್ರವಾರ ಬೆಳಿಗ್ಗೆ ಗಂಡ ಹೆಂಡತಿ ಕರ್ಪೂರ, ತೆಂಗಿನಕಾಯಿ, ಚಕ್ರದಡಿ ಇಡಲು ನಿಂಬೆಹಣ್ಣು ಹಿಡಿದು ಬಂದರು. ಅಪ್ಪಯ್ಯಣ್ಣ ಮಂಡಿನೋವಿಗೆ ಬೈಯುತ್ತಲೇ ಕೂತು ಮೂರು ಪಿನ್ನು ಹಾಕಿದ. ನಾಲ್ಕನೆಯದನ್ನು ಪಾಪಯ್ಯ ಕಿವಿಯ ಮೇಲೆ ಸಿಕ್ಕಿಸಿಕೊಂಡು, ನಟ್ಟನ್ನು ತೂತಿಗೆ ಸರಿಯಾಗಿ ಕೂರಿಸುತ್ತಿದ್ದ. ಅಷ್ಟರಲ್ಲಿ ಅಪ್ಪಯ್ಯಣ್ಣ ಗಡಿಯಾರ ನೋಡಿಕೊಂಡು ಎದ್ದುಬಿಟ್ಟ.

"ಹತ್ತೂವರೆಗೆ ರಾಹುಕಾಲ ಕಣೋ. ಅಷ್ಟರೊಳಗೆ ಗಾಡಿ ಗೇಟು ದಾಟ್ಬೇಕು."

"ನನ್ನ ಕೈಗೆ ರಾಹುಕಾಲ ಇಲ್ಲಣ್ಣ, ಕೆಲಸ ಆದಾಗ ಆಯ್ತು."

"ನಿಂಗಿಲ್ದಿದ್ರೆ ಬಿಡು, ನನ್ನ ಕಾರಿಗಿದೆ."

ಇಬ್ಬರೂ ಹೀಗೆ ಕಿತ್ತಾಡುತ್ತಲೇ ಚಕ್ರ ಉರುಳಿಸಿ ತಂದು ಹಾಕಿದರು, ಕರ್ಪೂರ ಹಚ್ಚಿದರು, ಕಾಯಿ ಒಡೆದರು. ನಿಂಬೆಹಣ್ಣು ಚಟ್ಟೆನ್ನಿಸಿ ಕಾಂಟೆಸಾ ಹೊರಟಾಗ ಹತ್ತು ಇಪ್ಪತ್ತೆಂಟು. ಪಾಪಯ್ಯ ನಗುತ್ತಾ ಬೀಡಿ ಹಚ್ಚಿ, ಬೆವರೊರೆಸಲು ಕಿವಿಯ ಬಳಿ ಕೈ ಹಾಕಿದ. ಪಿನ್ನು ಸಿಕ್ಕಿತು.

ಬೀಡಿ ಅಲ್ಲೇ ಬಿಸಾಕಿದ. ಬೆಂಚಿನ ಮೇಲೆ ಫೋನಿತ್ತು, ಅದೂ ನೆನಪಾಗಲಿಲ್ಲ. ಟಿವಿಎಸ್ ಹತ್ತಿ ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಬಿಟ್ಟ. ಪಿನ್ನಿಲ್ಲದ ಮಾತ್ರಕ್ಕೆ ನಟ್ಟು ಇವತ್ತೇ ಬಿಚ್ಚಿಕೊಳ್ಳುವುದಿಲ್ಲ ಅನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದೂ ಪ್ರತಿ ತಿರುವಿನಲ್ಲಿ ರಾಗಿ ಹೊಲದ ಕಡೆ ನೋಡಿದ.

ನಾಲ್ಕು ಕಿಲೋಮೀಟರ್ ದಾಟಿದ ಮೇಲೆ ಎಳನೀರಿನ ಗಾಡಿಯ ಪಕ್ಕ ಕಾಂಟೆಸಾ ನಿಂತಿತ್ತು. ಅಪ್ಪಯ್ಯಣ್ಣ ಬೇರೆ ಕಡೆ ಮುಖ ಮಾಡಿಕೊಂಡಿದ್ದ. ಅಮ್ಮಯಮ್ಮ ಎಳನೀರು ಕುಡಿಯುತ್ತಿದ್ದಳು.

"ಬಂದ್ಯಾ ಪಾಪಯ್ಯ? ಫೋನ್ ಎತ್ತಲ್ಲ ನೀನು. ಕಿವಿ ಮೇಲಿದ್ದಿದ್ದು ತಂದ್ಯಾ?"

ಪಾಪಯ್ಯ ಬಲ ಚಕ್ರದ ಹಿಂದೆ ಅಂಗಾತ ಮಲಗಿ ನೋಡಿದ. ನಟ್ಟಿನ ತೂತಿನಲ್ಲಿ ಕಪ್ಪನೆಯದೊಂದು ಕೂತಿತ್ತು. ಎರಡೂ ಕಾಲು ನೀಟಾಗಿ ಮಡಿಸಿತ್ತು. ಹೇರ್‌ಪಿನ್ನು.

"ಒಂದು ತೂತು ಖಾಲಿ ಇದೆ ಅಂತ ಎರಡು ಸಲ ಹೇಳ್ದೆ," ಅಂದಳು ಅಮ್ಮಯಮ್ಮ. "ನಿಮ್ಮಿಬ್ಬರ ಜಗಳದಲ್ಲಿ ಯಾರು ಕೇಳಿಸ್ಕೊಂಡ್ರಿ? ನೀವು ಚಕ್ರ ತರೋಕೆ ಹೋದಾಗ ಮುಡಿಯಿಂದ ತೆಗೆದು ತೂರಿಸ್ದೆ. ದಾರೀಲಿ ಹೇಳಿ, ವಾಪಸ್ ಹೋಗೋಣ ಅಂದ್ರೆ, ರಾಹುಕಾಲದಲ್ಲಿ ತಿರುಗ್ಸಲ್ಲ ಅಂತಾರೆ ಇವರು. ಮುಂದಕ್ಕೆ ನಾನು ಬಿಡ್ಲಿಲ್ಲ."

ಪಾಪಯ್ಯ ಎದ್ದು ಕೂತ. ಕಣ್ಣು ತುಂಬಿಕೊಂಡಿತ್ತು, ಗ್ರೀಸಿನ ಕೈಯಲ್ಲೇ ಒರೆಸಿಕೊಂಡ.

"ನನ್ನ ಕೈ ತಪ್ತಮ್ಮ. ಇನ್ನು ಸ್ಪ್ಯಾನರ್ ಮುಟ್ಟೋಹಾಗಿಲ್ಲ. ಆಣೆ ಇಟ್ಟಿದ್ದೀನಿ."

"ಏನಂತ ಇಟ್ಟಿದ್ದೆ?"

"ಪಿನ್ನಿಲ್ದೆ ಗಾಡಿ ಗ್ಯಾರೇಜು ದಾಟಿದ್ರೆ ಅಂತ."

"ಪಿನ್ನಿಲ್ದೆ ದಾಟಿಲ್ವಲ್ಲ," ಅಂದಳು ಆಕೆ. "ಇಬ್ಬರು ನೋಡ್ಬೇಕು ಅಂದೋನು ನೀನೇ. ನೀನು ನೋಡ್ಲಿಲ್ಲ, ನಾನು ನೋಡ್ದೆ. ಕೊಡಿಲ್ಲಿ ಅದನ್ನ."

"ರಾಹುಕಾಲ ಕಣೇ, ಹನ್ನೆರಡಾಗ್ಲಿ," ಅಂದ ಅಪ್ಪಯ್ಯಣ್ಣ.

"ರಾಹುಗೆ ನಾನು ಹೇಳ್ಕೋತೀನಿ."

ಪಾಪಯ್ಯ ಕಾರಿನ ಡಿಕ್ಕಿಯಲ್ಲಿದ್ದ ಜಾಕು, ಸ್ಪ್ಯಾನರ್ ತೆಗೆದು ಚಕ್ರ ಬಿಚ್ಚಿದ ಮೇಲೆ ಆಕೆ ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತು, ತನ್ನ ಹೇರ್‌ಪಿನ್ನು ಎಳೆದು, ನಾಲ್ಕನೇ ಪಿನ್ನು ತೂರಿಸಿ ಕಾಲು ಮಡಿಸಿದಳು. ಪಾಪಯ್ಯ ಪಕ್ಕದಲ್ಲಿ ನಿಂತು ಗಟ್ಟಿಯಾಗಿ "ನಾಲ್ಕು" ಅಂದ. ಹೇರ್‌ಪಿನ್ನು ವಾಪಸ್ ಕೇಳಿದ್ದಕ್ಕೆ ಮಾತ್ರ ಕೊಡಲಿಲ್ಲ, ಜೇಬಿಗೆ ಹಾಕಿಕೊಂಡ.

ಈಗ ಅದು ಬೋರ್ಡಿಲ್ಲದ ಗ್ಯಾರೇಜಿನಲ್ಲಿ, ಸ್ಪ್ಯಾನರುಗಳ ಸಾಲಿನ ಮೊದಲ ಮೊಳೆಗೆ ನೇತಾಡುತ್ತಿದೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಪಾಪಯ್ಯ ಅದನ್ನೊಮ್ಮೆ ಮುಟ್ಟಿ, ಆಮೇಲೆ ಸ್ಪ್ಯಾನರ್ ತೆಗೆದುಕೊಳ್ಳುತ್ತಾನೆ.