ಉರುಳಿಗೆ ತಕ್ಕ ಜಾಗ

ನೈರೋಬಿಯ ಕಾಗೆಗಳು ಎದೆಗೆ ಬಿಳಿ ಬನಿಯನ್ ತೊಟ್ಟಂತಿರುತ್ತವೆ. ಅವನ್ನು ಮೊದಲ ಸಲ ಕಂಡಾಗ ನನ್ನ ಹೆಂಡತಿಗೆ ದೊಡ್ಡ ಚಿಂತೆ ಹತ್ತಿತು. ಪಿತೃಪಕ್ಷದಲ್ಲಿ ಇಂಥ ಕಾಗೆಗೆ ಎಡೆ ಇಟ್ಟರೆ ಅದು ಹಿರಿಯರಿಗೆ ಮುಟ್ಟುತ್ತದೋ ಇಲ್ಲವೋ? ಮೈಸೂರಿನಿಂದ ನನ್ನ ಅಮ್ಮ ಫೋನಿನಲ್ಲಿ, "ಬನಿಯನ್ ಹಾಕಿದ್ರೂ ಕಾಗೆ ಕಾಗೇನೇ ಕಣೇ, ಇಡು" ಎಂದು ತೀರ್ಪು ಕೊಟ್ಟ ಮೇಲೆ ಸಮಾಧಾನವಾಯಿತು.

ಎರಡು ಸಾವಿರದ ಹತ್ತರ ನಂತರದ ಆ ವರ್ಷಗಳಲ್ಲಿ ಕಂಪನಿ ನನ್ನನ್ನು ಬೆಂಗಳೂರಿನಿಂದ ನೈರೋಬಿಗೆ ಕಳಿಸಿತ್ತು. ವಿಮಾನ ನಿಲ್ದಾಣದ ಪಕ್ಕದ ಎಂಬಕಸಿಯ ಒಂದು ಬಡಾವಣೆಯಲ್ಲಿ ಮನೆ. ಹಿಂದಿನ ಕಾಂಪೌಂಡು ಗೋಡೆಯಾಚೆ ಒಣಹುಲ್ಲಿನ ಬಯಲು, ತಲೆಯ ಮೇಲೆ ಸದಾ ವಿಮಾನ. ಕನ್ನಡದ ಮೂರು ಹಿಂದೂ ಮನೆಗಳಿದ್ದವು. ಮೂರು ಮನೆಯವರೂ ಗೋಡೆಯ ಬುಡದ ಚಪ್ಪಡಿಯ ಮೇಲೆ ಎಡೆ ಇಡುತ್ತಿದ್ದೆವು. ಕಾಗೆ ಬಂದು ಎರಡು ಅಗುಳು ಕುಕ್ಕಿ ಹಾರಿಹೋಗುತ್ತಿತ್ತು. ಆದರೆ ಬೆಳಿಗ್ಗೆ ನೋಡಿದರೆ ಎಲೆ ನೆಕ್ಕಿದ ಹಾಗೆ ಖಾಲಿ. ಹಿರಿಯರು ಇಷ್ಟು ದೂರ ಬಂದು ಇಷ್ಟು ಚೆನ್ನಾಗಿ ಉಣ್ಣುತ್ತಿದ್ದಾರೆಂದು ಹೆಂಗಸರಿಗೆ ಹುರುಪು ಬಂತು. ಪಕ್ಷ ಮುಗಿದರೂ ನಿಲ್ಲಿಸಲಿಲ್ಲ. ಒಬ್ಬರು ಮೊಸರನ್ನ ಇಟ್ಟರೆ ಇನ್ನೊಬ್ಬರು ವಡೆ, ಮತ್ತೊಬ್ಬರು ತುಪ್ಪ ಸುರಿದ ಹೋಳಿಗೆ. ನನಗೆ ಮನೆಯಲ್ಲಿ ಅಷ್ಟು ಉಪಚಾರ ಯಾವತ್ತೂ ಆಗಿರಲಿಲ್ಲ.

ಅದೇ ಹೊತ್ತಿಗೆ ಬಡಾವಣೆಯ ಸಂಘದ ಅಧ್ಯಕ್ಷರ ಕೋಳಿಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ಅಲ್ಲಿಯವರೇ ಆದ, ವಿಮಾನ ನಿಲ್ದಾಣದ ಸರಕು ವಿಭಾಗದಿಂದ ನಿವೃತ್ತರಾಗಿದ್ದ ಅವರು ಗೋಡೆಯ ಪಕ್ಕದಲ್ಲೇ ಕೋಳಿಗೂಡು ಕಟ್ಟಿಕೊಂಡಿದ್ದರು. ಒಂದು ಮುಂಜಾನೆ ಕಾವಲುಗಾರ ಬೆನ್ನ ಮೇಲೆ ಕಪ್ಪು ಕಂಬಳಿ ಹೊದ್ದಂಥ ನರಿಯೊಂದು ಕೋಳಿ ಕಚ್ಚಿಕೊಂಡು ಓಡಿದ್ದನ್ನು ಕಂಡ. ಸಂಘದ ಸಭೆ ಸೇರಿತು. ಈ ದೇಶದಲ್ಲಿ ಬೇಟೆ ನಿಷಿದ್ಧ, ಸರ್ಕಾರದವರಿಗೆ ಹೇಳೋಣ ಎಂದೆ ನಾನು. ಎಲ್ಲರೂ ಮುಖ ಮುಖ ನೋಡಿಕೊಂಡರು. ನಮ್ಮ ಹಿಂದಿನ ಗೋಡೆ ಬಯಲಿನ ಒಂದಿಷ್ಟು ಜಾಗವನ್ನು ಸದ್ದಿಲ್ಲದೆ ನುಂಗಿತ್ತು. ಸರ್ಕಾರದವರು ಬಂದರೆ ನರಿಗಿಂತ ಮೊದಲು ಗೋಡೆಯನ್ನು ಅಳೆಯುತ್ತಿದ್ದರು. ಅಧ್ಯಕ್ಷರು ತಂತಿಯ ಉರುಳು ತರಿಸುವುದಾಗಿ ಹೇಳಿ, ಸಭೆಯ ಮೂಲೆಯಲ್ಲಿ ಕೂತಿದ್ದ ಒಬ್ಬರ ಕಡೆ ತಿರುಗಿದರು. "ಜಾಗ ತೋರಿಸಲು ನಮ್ಮ ಬೇಟೆಗಾರ ಮ್ಜೇ ಇದ್ದಾರಲ್ಲ!" ಮ್ಜೇ ಎಂದರೆ ಅಲ್ಲಿ ಹಿರಿಯರನ್ನು ಗೌರವದಿಂದ ಕರೆಯುವ ಮಾತು.

ಈ ಬೇಟೆಗಾರರು ನಮ್ಮ ಎದುರು ಮನೆಯವರು. ಮಂಗಳೂರು ಕಡೆಯ ಕ್ಯಾಥೊಲಿಕ್, ಲೆಕ್ಕಪರಿಶೋಧಕರಾಗಿ ದುಡಿದು ನಿವೃತ್ತರಾದವರು, ಮಡದಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಹುಡುಗರಾಗಿದ್ದಾಗ ಅಪ್ಪನ ಹಿಂದೆ ಕಾಡುಹಂದಿಯ ಬೇಟೆಗೆ ಹೋಗಿದ್ದರಂತೆ. ಹೋಗಿದ್ದರಂತೆ ಏನು ಬಂತು, ಅವರ ಮನೆಯಲ್ಲಿ ಊಟಕ್ಕೆ ಕೂತ ಯಾರಿಗೂ ಆ ಹಂದಿಗಳಿಂದ ಬಿಡುಗಡೆಯಿರಲಿಲ್ಲ. "ಕೋವಿ ಯಾರು ಬೇಕಾದರೂ ಹಿಡಿಯಬಹುದು ಮಾರಾಯ್ರೆ. ಜಾಗ ಹುಡುಕುವುದು ಉಂಟಲ್ಲ, ಅದು ನಮ್ಮ ಮನೆಗೆ ಬಂದ ವಿದ್ಯೆ. ನಾನು ತೋರಿಸಿದ ಜಾಗ ಒಂದು ಸಲವೂ ಸುಳ್ಳಾದದ್ದಿಲ್ಲ" ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ಬಡಾಯಿ ಕೇಳಿದರೆ ನನಗೆ ಮೈ ಉರಿಯುತ್ತದೆ. ಆದರೂ ಅವರ ಬಾಳಿನಲ್ಲಿ ಇನ್ನು ಉಳಿದಿರುವುದು ಈ ಹೆಸರೊಂದೇ ಎನ್ನಿಸಿ, ಹಾಂ ಹೂಂ ಎನ್ನುತ್ತ ಅವರು ಬಡಿಸಿದ ಇಡ್ಲಿಯಂಥ ಸನ್ನ ತಿನ್ನುತ್ತಿದ್ದೆ.

ಸಭೆಯಲ್ಲಿ ತಮ್ಮ ಹೆಸರು ಬಂದದ್ದೇ ಅವರ ಬೆನ್ನು ನೆಟ್ಟಗಾಯಿತು. "ಎರಡು ದಿನ ಕೊಡಿ" ಎಂದರು. ಮರುದಿನ ಬೆಳಕು ಹರಿಯುವ ಮುನ್ನವೇ ನನ್ನ ಬಾಗಿಲು ಬಡಿದರು. "ಬನ್ನಿ, ಸುಮ್ಮನೆ ನನ್ನ ಮಾತು ಕೇಳಿದ್ದು ಸಾಕು, ಕಣ್ಣಿಂದ ನೋಡಿ."

ನೋಡಿದೆ, ನೋಡಿ ಬೆರಗಾದೆ. ಬಯಲಿಗೆ ಹೋಗಿ ನರಿಗಾಗಿ ಕಣ್ಣು ಹಾಯಿಸುತ್ತಾರೆಂದುಕೊಂಡಿದ್ದೆ. ಅವರು ನರಿಯ ಸುದ್ದಿಗೇ ಹೋಗಲಿಲ್ಲ. "ಪ್ರಾಣಿಯನ್ನು ಹುಡುಕುವುದಲ್ಲ. ಅದಕ್ಕೆ ಎಂತ ಬೇಕು, ಅದನ್ನು ಹುಡುಕಿ. ಅದೇ ಬರ್ತದೆ" ಎಂದರು. ಒಣಗಿದ ಬಯಲಿನಲ್ಲಿ ನೀರು ಎಲ್ಲಿ? ನಮ್ಮದೇ ಟ್ಯಾಂಕು ಸೋರಿ ಗೋಡೆಯಾಚೆ ಚಾಪೆಯಗಲ ಕೆಸರಾಗಿತ್ತು. ಎರೆಮಣ್ಣಿನ ಆ ಕೆಸರಿನಲ್ಲಿ ಹೆಜ್ಜೆಗಳು ಅಚ್ಚೊತ್ತಿದ್ದವು. ನನಗೆ ಎಲ್ಲವೂ ಬೀದಿನಾಯಿಯ ಹೆಜ್ಜೆಯೇ. ಅವರು ಮೊಣಕಾಲೂರಿ ಕೂತು, ನಾಯಿ ಕುಡಿದವರ ಹಾಗೆ ಅತ್ತಿತ್ತ ನಡೆಯುತ್ತದೆ, ಇದು ಕೆಲಸಕ್ಕೆ ಹೊರಟವರ ಹಾಗೆ ನೇರ ಹೋಗಿದೆ ನೋಡಿ ಎಂದು ತೋರಿಸಿದರು. ಆಮೇಲೆ ಜೇಬಿನಿಂದ ಪೌಡರಿನ ಡಬ್ಬಿ ತೆಗೆದು ಚಿಟಿಕೆ ಪೌಡರನ್ನು ಗಾಳಿಗೆ ತೂರಿದರು. ಅದು ಗೋಡೆಯ ಕಡೆಯಿಂದ ಬಯಲಿನ ಕಡೆಗೆ ತೇಲಿತು. "ನಮ್ಮ ವಾಸನೆ, ಕೋಳಿಯ ವಾಸನೆ ಎಲ್ಲ ಅದರ ಮೂಗಿಗೆ ಹೋಗ್ತದೆ. ಹಾಗಾಗಿ ಅದು ಆ ಕಡೆಯಿಂದಲೇ ಬರುವುದು." ಅರವತ್ತೈದು ದಾಟಿದ ಮನುಷ್ಯ, ಮಂಡಿನೋವು ಬೇರೆ, ಆದರೆ ಆ ಬೆಳಿಗ್ಗೆ ಅವರು ಕುಣಿಯುತ್ತಿದ್ದರು. ಇಷ್ಟು ದಿನ ಬಡಾಯಿ ಎಂದುಕೊಂಡದ್ದೆಲ್ಲ ನಿಜವಾಗಿತ್ತು. ನನಗೆ ಒಳಗೊಳಗೇ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಹೆಜ್ಜೆಗಳು ಗೋಡೆಯ ಕೆಳಗಿನ ಮೋರಿಯ ಬಾಯಿಗೆ ಹೋಗಿದ್ದವು. ಒಳಗೆ ಬಂದು ನೋಡಿದರೆ, ಅವು ಮೋರಿಯಿಂದ ನೇರ ಕೋಳಿಗೂಡಿಗೆ ಹೋಗಿರಲಿಲ್ಲ. ನಮ್ಮ ಚಪ್ಪಡಿಗೆ ಹೋಗಿದ್ದವು. ಅವರು ಚಪ್ಪಡಿಯನ್ನು ನೋಡಿದರು, ಅದರ ಮೇಲಿನ ಖಾಲಿ ಎಲೆಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಬೇಸರ ಮಾಡಬೇಡಿ" ಎಂದರು, ತೀರಾ ಮೆಲ್ಲಗೆ. "ನಿಮ್ಮ ಹಿರಿಯರಿಗೆ ನಾಲ್ಕು ಕಾಲು ಉಂಟು."

ನಮ್ಮ ತಾತನ ಪಾಲಿನ ವಡೆಯನ್ನು ಇಷ್ಟು ದಿನ ನರಿ ತಿಂದಿತ್ತು! ನಮ್ಮ ಮೊಸರನ್ನಕ್ಕೆಂದು ಬಂದ ನರಿಗೆ ಪಕ್ಕದ ಕೋಳಿ ಕಣ್ಣಿಗೆ ಬಿದ್ದಿತ್ತು. ನಗು ತಡೆಯಲಾಗದೆ ನಾನು ಗೋಡೆಗೆ ಒರಗಿದೆ. ಹೆಂಡತಿಗೆ ಇದನ್ನು ಹೇಳಬೇಕಲ್ಲ ಎಂದು ನೆನಪಾದ ಮೇಲೆ ನಗು ನಿಂತಿತು.

ಎರಡನೆಯ ಬೆಳಿಗ್ಗೆ ಹೆಜ್ಜೆಯ ಬೆನ್ನು ಹಿಡಿದು ಬಯಲಿಗಿಳಿದೆವು. ಈಗ ಗಾಳಿ ನಮ್ಮ ಮುಖಕ್ಕೆ ಬೀಸುವಂತೆ ಬಳಸು ದಾರಿಯಲ್ಲಿ ಕರೆದೊಯ್ದರು. ಯಾರೋ ತಂದು ಸುರಿದಿದ್ದ ಇಟ್ಟಿಗೆ ಚೂರಿನ ಗುಡ್ಡೆಯ ಹಿಂದೆ ಕೂತೆವು. ಮುಂದೆ ಒಂದು ಹಳೆಯ ಹುತ್ತ, ಬುಡದಲ್ಲಿ ಬಿಲ. "ಇದು ಮನೆ. ಮನೆಯಿಂದ ಮೋರಿಗೆ ಇರುವುದು ಈ ಒಂದೇ ದಾರಿ. ಇಲ್ಲಿ, ಈ ಎರಡು ಪೊದೆಯ ನಡುವೆ ಉರುಳು ಹಾಕಿದರೆ ಮೊದಲ ದಿನವೇ ಬೀಳ್ತದೆ" ಎಂದು ಪಿಸುಗುಟ್ಟಿದರು. ಆ ಪಿಸುಮಾತಿನಲ್ಲೂ ಹೆಮ್ಮೆ ತುಳುಕುತ್ತಿತ್ತು.

ಬಿಸಿಲು ಏರುವ ಮುನ್ನ ನರಿ ಬಂತು. ಬೆಳ್ಳಿ ಬೆರೆಸಿದ ಕಪ್ಪು ಬೆನ್ನು, ಕೆಂಚು ಕಾಲು. ನಾನು ಅಷ್ಟು ಅಚ್ಚುಕಟ್ಟಾದ ಪ್ರಾಣಿಯನ್ನು ಅಷ್ಟು ಹತ್ತಿರದಿಂದ ಅದುವರೆಗೆ ನೋಡಿರಲಿಲ್ಲ. ವಿಮಾನವೊಂದು ಭೂಮಿ ನಡುಗಿಸುತ್ತ ಮೇಲೇರಿತು, ಅದು ತಲೆಯೆತ್ತಲಿಲ್ಲ. ನನ್ನ ಕಾಲಡಿ ಪ್ಲಾಸ್ಟಿಕ್ ಬಾಟಲಿ ಚಟ್ಟೆಂದಾಗ ಮಾತ್ರ ನಿಂತು ನಮ್ಮ ಕಡೆಗೇ ನೋಡಿತು. ಆಗ ಅದರ ಹೊಟ್ಟೆ ಕಂಡಿತು. ಮೊಲೆಗಳು ಹಾಲಿಳಿದು ಜೋತಿದ್ದವು. ಹುತ್ತದ ಬಾಯಿಯಲ್ಲಿ ಪುಟ್ಟ ಪುಟ್ಟ ಮೂತಿಗಳು ಕಾಣಿಸಿಕೊಂಡವು.

ಅವರ ಕೈ ನನ್ನ ಭುಜವನ್ನು ಬಿಗಿಯಾಗಿ ಹಿಡಿಯಿತು. "ಬಾಣಂತಿ" ಎಂದರು. ಅಷ್ಟೇ.

ಹಿಂತಿರುಗುವಾಗ ಅವರು ಕುಣಿಯಲಿಲ್ಲ, ಮಂಡಿ ಹಿಡಿದುಕೊಂಡು ನಡೆದರು. "ಅಂಕಲ್, ಆಗೋದಿಲ್ಲ ಅಂದ್ಬಿಡಿ. ನಾನೂ ಸಪೋರ್ಟ್ ಮಾಡ್ತೀನಿ" ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. "ನಾನು ಇಲ್ಲ ಅಂದರೆ ಅವರು ಇನ್ನೊಬ್ಬನನ್ನು ತರ್ತಾರೆ. ಆ ಮೋರಿಯನ್ನು ಯಾರು ಬೇಕಾದರೂ ಹುಡುಕ್ತಾರೆ ಮಾರಾಯ್ರೆ. ನಾನೇ ಹಾಕಬೇಕು." ಸ್ವಲ್ಪ ದೂರ ನಡೆದ ಮೇಲೆ, "ಬರುವ ಜಾಗ ಗೊತ್ತಿದ್ದವನಿಗೆ ಬಾರದ ಜಾಗವೂ ಗೊತ್ತಿರ್ತದೆ" ಎಂದರು.

ಅಂದು ಸಂಜೆ ಅವರು ಅಧ್ಯಕ್ಷರ ಮುಂದೆ ನಡೆಸಿದ ನಾಟಕ ನೋಡಬೇಕಿತ್ತು. ನೆಲ ಮೂಸಿದರು, ಪೌಡರು ತೂರಿದರು, ಹುಬ್ಬು ಗಂಟಿಕ್ಕಿದರು. ಕೊನೆಗೆ ಕೋಳಿಗೂಡಿನ ಹಿಂದೆ, ಜನರೇಟರಿನ ಡೀಸೆಲ್ ವಾಸನೆ ಹೊಡೆಯುವ ಮೂಲೆಯಲ್ಲಿ, ನರಿಯಿರಲಿ ಇಲಿಯೂ ಸುಳಿಯದ ಕಡೆ, "ಇಲ್ಲಿ!" ಎಂದರು. ಗಡ್ಡ ಹೆರೆದ ಮೇಲೆ ಹಚ್ಚಿಕೊಳ್ಳುವ ಸೆಂಟು ಘಮಘಮಿಸುವ ಬರಿಗೈಯಲ್ಲಿ ಪ್ರತಿ ತಂತಿಯನ್ನೂ ತಿಕ್ಕಿ ತಿಕ್ಕಿ ಕಟ್ಟಿದರು. ಅಧ್ಯಕ್ಷರು ಭಕ್ತಿಯಿಂದ "ಅಸಾಂಟೆ, ಮ್ಜೇ" ಎಂದು ಧನ್ಯವಾದ ಹೇಳಿ ಕೈ ಕುಲುಕಿದರು. ಇತ್ತ ನಾವು ಎಡೆ ಇಡುವುದನ್ನು ನಿಲ್ಲಿಸಿದೆವು. ಹೆಗ್ಗಣದ ಕಾಟವೆಂದು ನೆಪ ಹೇಳಿ ಮೋರಿಯ ಬಾಯಿಗೆ ನಾನೇ ಜಾಲರಿ ಕೂರಿಸಿದೆ. ಜಾಲರಿಯೊಂದನ್ನೇ ಸಭೆಗೆ ಸೂಚಿಸಿದ್ದರೆ ಸಾಕಿತ್ತಲ್ಲ ಎಂದು ನಿಮಗನ್ನಿಸಬಹುದು. ಅಧ್ಯಕ್ಷರಿಗೆ ಕೋಳಿ ಉಳಿಯುವುದಕ್ಕಿಂತ ನರಿ ಸಾಯುವುದು ಮುಖ್ಯವಾಗಿತ್ತು.

ಉರುಳಿಗೆ ಕೊನೆಗೂ ಬಿದ್ದದ್ದು ಅಧ್ಯಕ್ಷರದೇ ಹುಂಜ. ಕಾಲು ಸಿಕ್ಕಿಸಿಕೊಂಡು ಇಡೀ ಬಡಾವಣೆ ಏಳುವಂತೆ ಕಿರುಚಿತು. ಪ್ರಾಣಕ್ಕೇನೂ ಆಗಲಿಲ್ಲ, ಆದರೆ ಬೇಟೆಗಾರರ ಮಾನ ಆ ಬೆಳಿಗ್ಗೆಯೇ ಹೋಯಿತು. ಕಾವಲುಗಾರರು ಗೇಟಿನಲ್ಲಿ ಅವರನ್ನು ಕಂಡರೆ ಹುಂಜದ ಹಾಗೆ ಕೂಗುತ್ತಿದ್ದರು. ಅಧ್ಯಕ್ಷರು ಗೋಡೆಗೆ ದೊಡ್ಡ ದೀಪ ಹಾಕಿಸಿದರು. ಕೋಳಿ ಕಾಣೆಯಾಗುವುದು ನಿಂತಿತು. ಹೆಸರೆಲ್ಲ ದೀಪಕ್ಕೆ ಬಂತು. ಮುಂದಿನ ಸಭೆಯಲ್ಲಿ ಅಧ್ಯಕ್ಷರು, "ನಮ್ಮ ಮ್ಜೇ ಊರಿನಲ್ಲಿ ಬೇಟೆಯಾಡಿದ್ದೂ ಹುಂಜವನ್ನೇ ಇರಬೇಕು" ಎಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಮ್ಮ ಕನ್ನಡದವರೇ ಹೆಚ್ಚು ನಕ್ಕದ್ದು. ನನಗೆ ರಕ್ತ ಕುದಿಯಿತು. ಎದ್ದು ನಿಲ್ಲಲು ಹೊರಟಾಗ ಅವರು ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ಕೆಲವು ವಾರಗಳ ಮೇಲೆ ನಾವಿಬ್ಬರೇ ಬಯಲಿಗೆ ಹೋಗಿ ನೋಡಿದೆವು. ಹುತ್ತ ಖಾಲಿಯಾಗಿತ್ತು. ತಾಯಿ ಮರಿಗಳನ್ನು ಕರೆದುಕೊಂಡು ದಕ್ಷಿಣಕ್ಕೆ ಹೋದ ಹೆಜ್ಜೆಗಳನ್ನು ಅವರು ನನಗೆ ಓದಿ ಹೇಳಿದರು. "ಈಗಲಾದ್ರೂ ನಿಜ ಹೇಳ್ಬಿಡಿ ಅಂಕಲ್. ನರಿ ಹೋಯ್ತಲ್ಲ, ಇನ್ನೇನು?" ಎಂದು ಕೇಳಿದೆ.

"ಮುಂದಿನ ವರ್ಷ ಅದು ಇದೇ ಹುತ್ತಕ್ಕೆ ಬರ್ತದೆ" ಎಂದರು. "ನಾನು ಒಳ್ಳೆಯ ಬೇಟೆಗಾರ ಅಂತ ಗೊತ್ತಾದರೆ ಪುನಃ ನನ್ನನ್ನೇ ಜಾಗ ಕೇಳ್ತಾರೆ. ಇನ್ನೊಮ್ಮೆ ನಾಟಕ ಮಾಡಿದರೆ ನಂಬುವುದಿಲ್ಲ. ಉರುಳು ಅಂದರೆ ಅವರಿಗೆ ಹುಂಜವೇ ನೆನಪಾಗಲಿ, ಅದೇ ಒಳ್ಳೆಯದು." ಅವರು ಲೆಕ್ಕಪರಿಶೋಧಕರೆಂಬುದು ನನಗೆ ಸರಿಯಾಗಿ ಅರ್ಥವಾದದ್ದು ಆವತ್ತು.

ಆ ಕ್ರಿಸ್ಮಸ್‌ಗೆ ಅವರ ಮನೆಯಲ್ಲಿ ಊಟ. ಬೆಂಗಳೂರಿನಿಂದ ಹೊಸದಾಗಿ ಬಂದ ದಂಪತಿಯೂ ಇದ್ದರು. ಮೊದಲಾಗಿದ್ದರೆ ಸಾರು ಬಡಿಸುವ ಹೊತ್ತಿಗೇ ಮೊದಲ ಹಂದಿ ಬಿದ್ದಿರುತ್ತಿತ್ತು. ಅಂದು ಅವರು ವಿಮಾನದ ಟಿಕೆಟ್ಟಿನ ದರ, ನೀರಿನ ತೊಂದರೆ ಎಲ್ಲ ಮಾತಾಡಿದರು. ಯಾರಿಂದಲೋ ಅಷ್ಟಿಷ್ಟು ಕೇಳಿದ್ದ ಆ ಹೊಸ ಹುಡುಗಿ ಆಸೆಯಿಂದ ಮುಂದೆ ಬಾಗಿದಳು. "ಅಂಕಲ್, ನೀವು ಹಂಟಿಂಗ್ ಮಾಡ್ತಿದ್ರಂತೆ? ಹೇಳಿ ಪ್ಲೀಸ್."

ಸುತ್ತ ಕೂತಿದ್ದವರ ತುಟಿಯಂಚಿನಲ್ಲಿ ನಗು ಸುಳಿಯಿತು. ಅವರು ಕೈಯಲ್ಲಿದ್ದ ಸೌಟನ್ನು ಪಾತ್ರೆಯಲ್ಲಿಟ್ಟರು. ಬಾಲ್ಯದ ಗುಡ್ಡಗಳು, ಅಪ್ಪನ ಬೆನ್ನು, ಎಷ್ಟೋ ಮುಂಜಾವುಗಳು ಅವರ ನಾಲಿಗೆಯ ತುದಿಗೆ ಬಂದು ನಿಂತದ್ದು ನನಗೆ ಕಂಡಿತು.

"ಇಲ್ಲಮ್ಮ, ಬೇಟೆಗಾರ ನನ್ನ ಅಪ್ಪ" ಎಂದರು. "ನನಗೆ ಜಾಗ ಹುಡುಕಲಿಕ್ಕೆ ಬರುವುದಿಲ್ಲ."