ಹಿಂದಿನ ಸೀಟಿನ ಎಡಗಡೆ ಕಿಟಕಿ

ಕಾರು ಮಾರಿಬಿಡೋಣ ಅಂತ ನಮ್ಮ ಮನೆಯವರು ಬಾಯಿಬಿಟ್ಟ ದಿನ ನಮ್ಮತ್ತೆ ಊಟ ಬಿಟ್ಟು ಎದ್ದರು. ತಟ್ಟೆಯಲ್ಲಿ ಅರ್ಧ ರೊಟ್ಟಿ, ಬದನೆಕಾಯಿ ಪಲ್ಯ ಹಾಗೇ ಉಳಿಯಿತು. ಒಂದು ಅಗುಳು ಚೆಲ್ಲಿದರೂ ನನ್ನ ಮೇಲೆ ಹರಿಹಾಯುವ ಹೆಂಗಸು ಅವರು, ಅಂಥವರು ರೊಟ್ಟಿ ಬಿಟ್ಟು ಎದ್ದರೆ ಯಾರಿಗೆ ತಾನೇ ಗಾಬರಿಯಾಗುವುದಿಲ್ಲ. ನನಗೆ ಮಾತ್ರ ಸಿಟ್ಟು ಬಂತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ದಾವಣಗೆರೆಯ ಶಾಮನೂರಿನ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

"ಯಾಕ್ರಿ ಅತ್ತೆ, ಎಷ್ಟು ವರ್ಷದ ಡಬ್ಬಾ ಕಾರು ಅದು. ಇಟ್ಕೊಂಡು ಪೂಜೆ ಮಾಡಾದೈತಾ?" ಅಂದೆ.

ಅತ್ತೆ ಕೈ ತೊಳೆದು ಬಂದು, ಸೆರಗಿಗೆ ಒರೆಸಿಕೊಳ್ಳುತ್ತ ನಿಂತರು. "ಮಾರ್ರಿ. ನಾನೇನು ಬ್ಯಾಡ ಅನ್ನಲ್ಲ. ಆದ್ರೆ ಹುಡುಗಿ ಹೊಕ್ಕಳಬಳ್ಳಿ ಅದ್ರಾಗೈತೆ. ಅದನ್ನ ತೆಗೀದಂಗೆ ಕಾರು ಮನೆ ದಾಟಿದ್ರೆ ನಾನೂ ಮನೆ ದಾಟ್ತೀನಿ."

ನಾನು, ನಮ್ಮ ಮನೆಯವರು, ಮಗಳು, ಮೂವರೂ ಮುಖ ಮುಖ ನೋಡಿಕೊಂಡೆವು. ಮಗಳು ಇನ್ನೇನು ಡಿಗ್ರಿ ಮುಗಿಸುವ ಹುಡುಗಿ. ಅವಳು ಹುಟ್ಟಿದ ವಾರದಿಂದ ಅವಳ ಹೊಕ್ಕಳಬಳ್ಳಿ ನಮ್ಮ ಕಾರಿನಲ್ಲೇ ಓಡಾಡಿಕೊಂಡಿದೆ ಅಂತ ನಮಗೆ ಗೊತ್ತಾಗಿದ್ದು ಆವತ್ತು.

ಅವಳು ಹುಟ್ಟಿದ್ದೇ ಆ ಕಾರಿನಲ್ಲಿ, ಇದು ಮಾತ್ರ ನೆಂಟರಿಷ್ಟರಿಗೆಲ್ಲ ಗೊತ್ತಿರುವ ಕಥೆ. ಆಗ ನಾವು ಸಾರಥಿ ಅನ್ನುವ ಹಳ್ಳಿಯಲ್ಲಿದ್ದೆವು. ಹೊಲ, ಮನೆ, ದನಕರ ಎಲ್ಲ ಅಲ್ಲೇ. ಬೆಳಗಿನ ಜಾವ ನೋವು ಶುರುವಾಗಿ, ಹರಿಹರದ ಆಸ್ಪತ್ರೆಗೆ ಅಂತ ಹೊರಟರೆ ಅರ್ಧ ದಾರಿಯಲ್ಲೇ ಮಗು ಬಂದುಬಿಟ್ಟಿತು. ನಮ್ಮ ಮನೆಯವರು ಭತ್ತದ ಗದ್ದೆ ಪಕ್ಕ ಕಾರು ನಿಲ್ಲಿಸಿ, ಕೆಳಗಿಳಿದು, ಬಾನೆಟ್ಟಿಗೆ ಬೆನ್ನು ಕೊಟ್ಟು ಗಡಗಡ ನಡುಗುತ್ತ ನಿಂತಿದ್ದರು. ಒಳಗೆ ನನ್ನ ಜೊತೆ ಇದ್ದವರು ಅತ್ತೆ ಒಬ್ಬರೇ. ಅವರು ಅಲ್ಲಿಯವರೆಗೆ ಹೆರಿಗೆ ಮಾಡಿಸಿದ್ದು ಎಮ್ಮೆ, ಆಕಳುಗಳಿಗೆ ಮಾತ್ರ. ಆದರೂ ಅಷ್ಟು ಸಣ್ಣ ಜಾಗದಲ್ಲಿ ಮೊಣಕಾಲೂರಿ ಕೂತು, ನನ್ನನ್ನು ಬೈಯುತ್ತಲೇ, ಒಂದು ಜೀವವನ್ನು ಈ ಕಡೆಗೆ ಎಳೆದುಕೊಂಡರು. ಕೂಸು ಅತ್ತಾಗ ಕಾರಿನ ಗಾಜೆಲ್ಲ ನಮ್ಮ ಉಸಿರಿಗೆ ಮಂಜು ಹಿಡಿದಿತ್ತು. ಆ ಮಂಜಿನಾಚೆ ಬೆಳಗಾಗುತ್ತಿತ್ತು.

ಅದಕ್ಕೂ ಮುಂಚೆ ನನಗೊಂದು ಗಂಡು ಮಗು ಆಗಿತ್ತು. ಇದನ್ನೂ ಇಲ್ಲೇ ಹೇಳಿಬಿಡುತ್ತೇನೆ. ತಿಂಗಳು ತುಂಬುವ ಮೊದಲೇ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಹುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಕೆಲವು ದಿನ ಇದ್ದು, ಅಲ್ಲೇ ಹೋಗಿಬಿಟ್ಟ. ನಾನು ಜ್ವರ ಬಂದು ಇನ್ನೊಂದು ಕೋಣೆಯಲ್ಲಿ ಮಲಗಿದ್ದೆ, ಅವನನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ. ಪೆಟ್ಟಿಗೆಯ ಹತ್ತಿರ ಕಾಯುತ್ತ ಕೂತಿದ್ದವರು ಅತ್ತೆ. ಸುದ್ದಿ ಹೇಳಲು ಬಂದಾಗ ಅವರ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. "ಹೋಗ್ಲಿ ಬಿಡು, ಇನ್ನೊಂದು ಆಗ್ತೈತೆ" ಅಂದು ನನ್ನ ಮುಂದೆ ಬುತ್ತಿ ಬಿಚ್ಚಿಟ್ಟರು. ಆ ಮಾತು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತು. ಅವನ ಸುದ್ದಿಯನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ನೆನೆಸಿಕೊಳ್ಳುವವಳು ನಾನೊಬ್ಬಳೇ ಅಂದುಕೊಂಡು, ಅತ್ತೆಯ ಮೇಲೆ ಹಲ್ಲು ಕಡಿಯುತ್ತ ಇಷ್ಟು ವರ್ಷ ಸಂಸಾರ ಮಾಡಿದೆ.

ಈಗ ಹೊಕ್ಕಳಬಳ್ಳಿಯ ವಿಷಯ. ಅತ್ತೆಯ ಕಡೆ ಒಂದು ಪದ್ಧತಿ ಉಂಟು. ಮಗುವಿನ ಬಳ್ಳಿ ಒಣಗಿ ಬಿದ್ದ ಮೇಲೆ ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ಮಗು ಹುಟ್ಟಿದ ಜಾಗದಲ್ಲೇ ಇಡಬೇಕು. ನಮ್ಮ ಮನೆಯವರದ್ದು ಸಾರಥಿಯ ಮನೆಯಲ್ಲಿ, ನಡುಮನೆಯ ಕಂಬದ ಬುಡದಲ್ಲಿ ಇದೆ. ಮೊಮ್ಮಗಳು ಹುಟ್ಟಿದ್ದು ಕಾರಿನಲ್ಲಿ, ಆದ್ದರಿಂದ ಕಾರಿನಲ್ಲೇ ಇಟ್ಟರು. ಕಂಬ ಇದ್ದಲ್ಲೇ ಇರುತ್ತದೆ, ಕಾರನ್ನು ಒಂದು ದಿನ ಮಾರುತ್ತಾರೆ ಅನ್ನುವುದು ಅವರ ತಲೆಗೆ ಹೊಳೆಯಲೇ ಇಲ್ಲ.

"ಪರರ ಪಾಲಾದ್ರೆ ಹುಡುಗಿಗೆ ಒಳ್ಳೇದಾಗಲ್ಲ" ಅಂದರು ಅತ್ತೆ.

ಮಗಳು ಕಿಸಕ್ಕನೆ ನಕ್ಕಳು. "ನನ್ನ ಕಾಲು ಮನ್ಯಾಗೆ ನಿಲ್ಲಲ್ಲ ಅಂತ ಬೈತಿದ್ದೆಲ್ಲ ಅಜ್ಜಿ, ತಪ್ಪು ನಿಂದೇ ನೋಡು."

"ಹೂಂ ಮತ್ತೆ. ಬಳ್ಳಿ ಊರೂರು ತಿರುಗ್ತಿದ್ರೆ ನೀನು ಹೆಂಗೆ ಕೂಡ್ತೀಯ."

ಅವರಿಬ್ಬರಿಗೆ ತಮಾಷೆ, ನನಗೆ ತಲೆಬಿಸಿ. ಹರಿಹರದ ಮೇಷ್ಟ್ರೊಬ್ಬರು ಕಾರು ನೋಡಿ ಒಪ್ಪಿಕೊಂಡು ಹೋಗಿದ್ದರು. ಗುರುವಾರ ಒಳ್ಳೆಯ ದಿನ, ಮನೆಗೆ ತಂದು ಬಿಡ್ರಿ ಅಂದಿದ್ದರು. ಅಷ್ಟರೊಳಗೆ ತೊಳೆದು, ಒರೆಸಿ, ಹೊಸ ಸೀಟ್ ಕವರ್ ಹಾಕಿ ಕೊಡುತ್ತೇವೆ ಅಂತ ನಮ್ಮ ಮನೆಯವರು ಮಾತು ಕೊಟ್ಟಿದ್ದರು. ಈಗ ಅದರ ಜೊತೆಗೆ ಬಳ್ಳಿಯನ್ನೂ ಹುಡುಕಬೇಕು.

"ಎಲ್ಲಿ ಇಟ್ಟೀರಿ ಅದನ್ನ?" ಅಂದೆ.

"ನಾ ಕೂಡ್ತಿದ್ನಲ್ಲ, ಅಲ್ಲೇ."

ಹಿಂದಿನ ಸೀಟಿನ ಎಡಗಡೆ ಕಿಟಕಿ ನಮ್ಮತ್ತೆಯ ಆಸ್ತಿ. ಬೀಗರು ಬರಲಿ, ಸ್ವಾಮಿಗಳೇ ಬರಲಿ, ಆ ಜಾಗ ಬಿಟ್ಟುಕೊಡುತ್ತಿರಲಿಲ್ಲ. ಕೂತವರು ಸುಮ್ಮನೆ ಇರುತ್ತಾರಾ, ಗಾಜು ಪೂರ್ತಿ ಇಳಿಸಬೇಕು. ಧೂಳು ಬರಲಿ, ಬಿಸಿಗಾಳಿ ಬರಲಿ, ಇಳಿಸಲೇಬೇಕು. ಮದುವೆಗೆ ಅಂತ ತಲೆ ಬಾಚಿ ಹೂ ಮುಡಿದು ಹೊರಟ ನಾನು ಛತ್ರದಲ್ಲಿ ಇಳಿಯುವಾಗ ದೆವ್ವದ ಹಾಗೆ ಕಾಣುತ್ತಿದ್ದೆ. ಈ ಕಿಟಕಿಗಾಗಿ ನಾವು ಆಡಿರುವ ಜಗಳ ಒಂದೆರಡಲ್ಲ.

ಬುಧವಾರ ಬೆಳಗ್ಗೆ ಮನೆ ಮುಂದೆ ಕಾರು ನಿಲ್ಲಿಸಿ ಕೆಲಸ ಹಿಡಿದೆವು. ನಮ್ಮ ಮನೆಯವರು ಪೈಪಿನ ಅಂಗಡಿಗೆ ರಜ ಹಾಕಿ, ಲುಂಗಿ ಮೇಲೆ ಕಟ್ಟಿ, ಬೋರಿನ ನೀರು ಬಿಟ್ಟರು. ಮಂಕಾಗಿದ್ದ ಮುಂದಿನ ದೀಪಗಳನ್ನು ಮಗಳು ಹಲ್ಲುಜ್ಜುವ ಪೇಸ್ಟ್ ಹಾಕಿ ತಿಕ್ಕಿದಳು, ಫಳಫಳ ಹೊಳೆದವು. ಬೆಳ್ಳಗಾಗಿದ್ದ ಕಪ್ಪು ಬಂಪರಿಗೆ ನಾನು ಕೊಬ್ಬರಿ ಎಣ್ಣೆ ಹಚ್ಚಿದೆ, ಮತ್ತೆ ಕಪ್ಪಾಯಿತು. ಡ್ಯಾಶ್‌ಬೋರ್ಡಿನ ಮೇಲೆ ಅತ್ತೆ ವರ್ಷವರ್ಷ ಹಚ್ಚಿದ ವಿಭೂತಿ ಗಾರೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಅದನ್ನು ಚಮಚದಲ್ಲಿ ಕೆರೆದು, ಕಾಲಿಗೆ ಸಿಗದ ಹಾಗೆ ತುಳಸಿ ಕಟ್ಟೆಗೆ ಹಾಕಿದೆವು. ಇನ್ನು ಮಂಡಕ್ಕಿ. ದಾವಣಗೆರೆಯವರ ಕಾರು ಅಂದಮೇಲೆ ಸಂದಿಸಂದಿಯಲ್ಲಿ ಮಂಡಕ್ಕಿ ಇರಲೇಬೇಕು, ಆದರೆ ಇಷ್ಟೊಂದಾ ಅಂತ ನನಗೇ ನಾಚಿಕೆಯಾಯಿತು. ಪೊರಕೆ ಆಡಿಸಿದಷ್ಟೂ ಬಂತು. ಅದರ ಜೊತೆ ಶೇಂಗಾ ಸಿಪ್ಪೆ, ಹೇರ್‌ಪಿನ್, ಮಗಳ ಹಾಲುಹಲ್ಲಿನ ಕಾಲದ ಒಂದು ಕಾಲ್ಗೆಜ್ಜೆ, ಉಕ್ಕಡಗಾತ್ರಿಯಿಂದ ತಂದ ಕಪ್ಪು ದಾರ. ಒಂದು ಸಣ್ಣ ಕಾರು ಇಷ್ಟನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ತುಟಿಪಿಟಕ್ಕೆನ್ನದೆ ಓಡಾಡಿತಲ್ಲ ಅಂತ ಬೆರಗಾಯಿತು. ನಾನು ಡಬ್ಬಾ ಅಂದದ್ದನ್ನು ಮನಸ್ಸಿನಲ್ಲೇ ವಾಪಸ್ ತೆಗೆದುಕೊಂಡೆ.

ಅತ್ತೆ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬೆಳಗ್ಗೆಯಿಂದ ಚಹಾ ಸಹ ಮುಟ್ಟಿರಲಿಲ್ಲ.

ಹಿಂದಿನ ಸೀಟು ಕಿತ್ತು ಅಂಗಳದಲ್ಲಿ ಮಲಗಿಸಿದೆವು. ಕವರಿನ ಮೇಲೆ ಕವರು ಹಾಕಿಸಿಕೊಂಡೇ ಬಂದಿದ್ದೆವು, ಒಂದೊಂದನ್ನೇ ಕತ್ತರಿಸಿ ತೆಗೆದ ಮೇಲೆ ಮೊದಲಿನ ನೀಲಿ ಬಟ್ಟೆ ಕಂಡಿತು. ಅದರ ನಡುವೆ ಮಾಸಿದ ದೊಡ್ಡ ಕಲೆ. ಏನು ಅಂತ ನಾನು ಹೇಳಬೇಕಾಗಲಿಲ್ಲ. ಮಗಳು ಅಲ್ಲೇ ಕೂತು ಅದರ ಮೇಲೆ ಅಂಗೈ ಇಟ್ಟಳು. "ಇದು ನಾನಾ?" ಅಂದಳು.

ಎಡಗಡೆ ತುದಿಯಲ್ಲಿ ಹೊಲಿಗೆ ಬಿಚ್ಚಿ ಮತ್ತೆ ಹೊಲಿದ ಗುರುತಿತ್ತು. ಗೋಣಿಚೀಲ ಹೊಲಿಯುವ ದಬ್ಬಣದಲ್ಲಿ, ದಪ್ಪ ದಾರದಲ್ಲಿ, ಅತ್ತೆಯದೇ ಕೈ. ನಮ್ಮ ಮನೆಯವರು ಬ್ಲೇಡಿನಿಂದ ಬಿಚ್ಚಿದರು. ಒಳಗೆ ಕೈ ಹಾಕಿದವರು ತಟ್ಟನೆ ಎಳೆದುಕೊಂಡರು. ಕೈತುಂಬ ಸ್ಪಂಜಿನ ಪುಡಿ, ಚಿಂದಿ ಬಟ್ಟೆ, ಇಲಿ ಹಿಕ್ಕೆ.

"ಇಲಿ ಗೂಡು ಕಟ್ಟೈತೆ" ಅಂದರು.

ಅತ್ತೆಯ ಮುಖ ಬಿಳಿಚಿಕೊಂಡಿತು. "ತಿಂದೈತಾ?" ಅಂತ ಕೇಳಿದ ದನಿ ಅವರದ್ದು ಅನ್ನಿಸಲಿಲ್ಲ. ನನ್ನನ್ನು ಗದರಿಸಿಕೊಂಡೇ ಬದುಕಿದ ಹೆಂಗಸು ಕೂಸಿನ ಹಾಗೆ ನನ್ನ ಸೆರಗು ಹಿಡಿದುಕೊಂಡಿದ್ದರು. ಇದೆಲ್ಲ ಮೂಢನಂಬಿಕೆ ಅಂತ ಬೆಳಗ್ಗೆ ಗೊಣಗಿದವಳು ನಾನೇ, ಈಗ ಇಲಿ ತಿನ್ನದೆ ಇರಲಪ್ಪಾ ಅಂತ ಉಕ್ಕಡಗಾತ್ರಿಯ ಕರಿಬಸವಜ್ಜಯ್ಯನಿಗೆ ಹರಕೆ ಹೊತ್ತವಳೂ ನಾನೇ.

"ಸರೀರಿ ಅಪ್ಪಾಜಿ" ಅಂತ ಮಗಳು ಮುಂದೆ ಬಂದಳು. ಅವಳದ್ದು ಸಣ್ಣ ಕೈ. ಭುಜದವರೆಗೆ ಒಳಗೆ ತೂರಿಸಿ, ಕಣ್ಣು ಮುಚ್ಚಿಕೊಂಡು ತಡಕಾಡಿದಳು. ಕೊನೆಗೆ ಮೆಲ್ಲಗೆ ಕೈ ಹೊರಗೆ ತಂದಳು. ಬೆರಳಿನಲ್ಲಿ ಹುಣಸೆಬೀಜದಷ್ಟು ಗಾತ್ರದ ಗಂಟು. ಅರಿಶಿನ ಬಣ್ಣ ಹೋಗಿ ಕಂದಾಗಿತ್ತು, ದಾರ ಬಿಗಿಯಾಗಿಯೇ ಇತ್ತು. ಸದ್ಯ ಅಂತ ನಮ್ಮ ಮನೆಯವರು ನೆಲದ ಮೇಲೆ ಕೂತೇಬಿಟ್ಟರು.

"ಸಿಕ್ತಲ್ರಿ ಅತ್ತೆ. ಈಗಾದ್ರೂ ಚಹಾ ಕುಡೀರಿ" ಅಂದೆ.

ಅತ್ತೆ ನನ್ನ ಸೆರಗು ಬಿಡಲಿಲ್ಲ. ಮೊಮ್ಮಗಳ ಕಡೆ ನೋಡಿ, "ಇನ್ನೊಂದ್ ಸಲ ಕೈ ಹಾಕವಾ. ಇನ್ನೊಂದೈತೆ" ಅಂದರು.

"ಇನ್ನೊಂದು ಯಾರ್ದು ಅಜ್ಜಿ?"

"ನಿಮ್ಮಣ್ಣಂದು."

ಅಂಗಳದಲ್ಲಿ ನೀರು ಹರಿಯುತ್ತಲೇ ಇತ್ತು, ಯಾರೂ ನಲ್ಲಿ ನಿಲ್ಲಿಸಲಿಲ್ಲ. ಮಗಳು ನನ್ನ ಮುಖ ನೋಡಿದಳು. ಅಣ್ಣ ಇದ್ದ ಅಂತ ಅವಳಿಗೆ ಗೊತ್ತಿತ್ತು, ಆದರೆ ಅವನನ್ನು ಹೀಗೆ, ಒಳಗೆ ಮಲಗಿರುವವನನ್ನು ಕರೆದ ಹಾಗೆ, ಯಾರೂ ಕರೆದಿರಲಿಲ್ಲ. ಅವಳು ಮತ್ತೆ ಕೈ ಹಾಕಿದಳು. ಎರಡನೆಯ ಗಂಟು ಮೊದಲಿನದಕ್ಕಿಂತ ಸಣ್ಣದು.

ಅತ್ತೆ ಅದನ್ನು ಅಂಗೈಯಲ್ಲಿ ತೆಗೆದುಕೊಂಡು, ಮೇಲಿನ ಧೂಳನ್ನು ಊದಿದರು. "ಬಳ್ಳಿ ಬಿದ್ದಾಗ ಆ ನರ್ಸಮ್ಮ ಬುಟ್ಟಿಗೆ ಹಾಕಾಕೆ ಹೊಂಟಿದ್ಲು. ಕೊಡವಾ ಇಲ್ಲಿ ಅಂತ ಇಸ್ಕಂಡೆ. ಅವನು ಹುಟ್ಟಿದ್ದು ಆಸ್ಪತ್ರ್ಯಾಗೆ, ಅಲ್ಲಿ ಎಲ್ಲಿ ಅಂತ ಇಡ್ಲಿ? ನನ್ನ ಇಭೂತಿ ಡಬ್ಬ್ಯಾಗೆ ಇಟ್ಕಂಡಿದ್ದೆ. ಇಕಿ ಹುಟ್ಟಿದ ಮ್ಯಾಲೆ ಒಂದು ಯೋಚ್ನೆ ಬಂತು. ಪಾಪ, ಅವನು ಆ ಗಾಜಿನ ಪೆಟ್ಟಿಗಿ ಬಿಟ್ಟು ಏನೂ ನೋಡ್ಲಿಲ್ಲ. ಗಾಳಿ ನೋಡ್ಲಿಲ್ಲ, ಬಿಸಿಲು ನೋಡ್ಲಿಲ್ಲ. ತಂಗಿ ಜೊತಿಗೆ ನಾಕು ಊರು ತಿರುಗ್ಲಿ ಅಂತ ಇಲ್ಲೇ ಇಟ್ಟೆ."

ಉಕ್ಕಡಗಾತ್ರಿಗೆ ಅಮಾವಾಸ್ಯೆಗೆಂದು ಹೋದದ್ದು, ಹರಿಹರದಲ್ಲಿ ಹೊಳೆ ತುಂಬಿದೆ ಅಂತ ನೋಡಲು ಹೋದದ್ದು, ಶಾಮನೂರಿನ ಈ ಮನೆಗೆ ಸಾಮಾನು ತುಂಬಿಕೊಂಡು ಬಂದದ್ದು, ಮಗಳನ್ನು ಮೊದಲ ದಿನ ಶಾಲೆಗೆ ಬಿಟ್ಟದ್ದು, ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂತು. ಎಲ್ಲದರಲ್ಲೂ ಅವನು ಇದ್ದ. ನಾನು ಮುಂದಿನ ಸೀಟಿನಲ್ಲಿ ಕೂತು, ಅವನಿಲ್ಲ ಅಂತ ಒಳಗೊಳಗೇ ಅಳುತ್ತಿದ್ದ ದಿನವೂ ಅವನು ನನ್ನ ಹಿಂದೆಯೇ ಇದ್ದ. ಇಂಥದ್ದೊಂದನ್ನು ಇಷ್ಟು ವರ್ಷ ಒಬ್ಬರೇ ಹೊತ್ತುಕೊಂಡಿದ್ದ ಈ ಮುದುಕಿ ಎಷ್ಟು ದೊಡ್ಡವರು ಅಂತ ನನಗೆ ಅವರ ಮುಖ ನೋಡಲೂ ಅಂಜಿಕೆಯಾಯಿತು.

"ನನಗೆ ಯಾಕ ಹೇಳ್ಲಿಲ್ರಿ?" ಅಂದೆ.

"ಹೇಳಿದ್ರೆ ನೀನು ಕಾರು ಹತ್ತುತಿದ್ದೇನು?"

ಹತ್ತುತ್ತಿರಲಿಲ್ಲ. ಅದು ನಿಜ.

ಗುರುವಾರ ಹೊಸ ಸೀಟ್ ಕವರ್ ಹಾಕಿಸಿಕೊಂಡು ಹರಿಹರಕ್ಕೆ ಹೊರಟೆವು. ಮಗಳೇ ಓಡಿಸಿದಳು. ತನ್ನ ಗಂಟನ್ನು ಅವಳು ಪರ್ಸಿನಲ್ಲಿ ಇಟ್ಟುಕೊಂಡಿದ್ದಳು, ದೊಡ್ಡಾಕಿ ಆಗೀಯ, ನಿಂದು ನೀನೇ ಇಟ್ಕೊ ಅಂತ ಅತ್ತೆಯೇ ಕೊಟ್ಟಿದ್ದರು. ಇನ್ನೊಂದು ಅತ್ತೆಯ ಮುಷ್ಟಿಯಲ್ಲಿತ್ತು. ಮೇಷ್ಟ್ರ ಮನೆಯವರು ಆರತಿ ತಂದು ಕಾರಿಗೆ ಕುಂಕುಮ ಇಟ್ಟರು. ಶೋರೂಮಿಂದ ತಂದ ಕಾರಿನಷ್ಟು ಸ್ವಚ್ಛ ಐತಲ್ರಿ ಅಂತ ಮೇಷ್ಟ್ರು ಖುಷಿಪಟ್ಟರು. ನಮ್ಮ ಮನೆಯವರು ಕೀಲಿ ಕೊಟ್ಟು, ಹಿಂದಿರುಗಿ ನೋಡದೆ ನಡೆದರು.

ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ನನ್ನ ಕೈ ಹಿಡಿದು, ಬೆರಳು ಬಿಡಿಸಿ, ಆ ಸಣ್ಣ ಗಂಟನ್ನು ಇಟ್ಟರು. ತೂಕವೇ ಇರಲಿಲ್ಲ ಅದಕ್ಕೆ. ನನ್ನ ಮಗನನ್ನು ನಾನು ಮೊದಲ ಸಲ ಎತ್ತಿಕೊಂಡದ್ದು ಹರಿಹರದ ಬಸ್ ಸ್ಟ್ಯಾಂಡಿನಲ್ಲಿ, ಕಡ್ಲೆಕಾಯಿ ಮಾರುವವರ ಗದ್ದಲದ ನಡುವೆ. ಅಲ್ಲೇ ನಿಂತು ನಾನು ಅತ್ತುಬಿಟ್ಟೆ. ಯಾರು ನೋಡಿದರೆ ನನಗೇನು.

ದಾವಣಗೆರೆ ಬಸ್ಸು ಬಂತು. ಅತ್ತೆ ಎಂದಿನಂತೆ ನುಗ್ಗಿ ಹತ್ತಿ, ಎಡಗಡೆಯ ಕಿಟಕಿ ಸೀಟು ಹಿಡಿದು, ಗಾಜು ಪೂರ್ತಿ ಸರಿಸಿದರು. ನಾನು ಪಕ್ಕದಲ್ಲಿ ಕೂರಲು ಹೋದರೆ, ಕೈ ಅಡ್ಡ ಇಟ್ಟು ತಡೆದು, ತಾವೇ ಎದ್ದು ನಿಂತರು.

"ಒಳಗೆ ನೀನು ಕೂಡು" ಅಂದರು. "ಅವನಿಗೆ ಕಿಟಕಿ ಕಡೀನೇ ರೂಢಿ."